ಹದಿನೆಂಟು ವರ್ಷ ನಿಂತ ಯೆಜ್ಡಿಗೆ ಮೊದಲ ಕಿಕ್ ಯಾವಾಗ?

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಅಲ್ಲಿಂದ ಕೊನೆಯದಾಗಿ ಹೊರಬಂದ ಯೆಜ್ಡಿ ಬೈಕುಗಳಿಗೂ ಈಗ ಮೂವತ್ತರ ಆಸುಪಾಸಿನ ವಯಸ್ಸು. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ ಆಚರಿಸುವ ರೂಢಿ ಬೆಳೆದ ಮೇಲೆ, ಪ್ರತಿ ವರ್ಷ ಮೇ ತಿಂಗಳು ಬಂತೆಂದರೆ ನಮ್ಮ ವರ್ಕ್‌ಶಾಪಿಗೆ ಕರೆಗಳು ಹೆಚ್ಚುತ್ತವೆ. ಕರೆ ಮಾಡಿದವರಲ್ಲಿ ಹೆಚ್ಚಿನವರು ಮೊದಲು ವಿಚಾರಿಸುವುದು ಬಣ್ಣ ಮತ್ತು ಕ್ರೋಮ್‌ನ ಖರ್ಚನ್ನು. ನಾನು ಮೊದಲು ಕೇಳುವುದು ಬೇರೆಯದೇ ಪ್ರಶ್ನೆ: ಹೊರಗೆ ತೆಗೆದ ಮೇಲೆ ಅದಕ್ಕೆ ಕಿಕ್ ಹೊಡೆದಿದ್ದೀರಾ?

ಈ ಪ್ರಶ್ನೆಗೆ ಕಾರಣವಾದ ಗಾಡಿಗಳು ಹಲವಿವೆ. ಅವುಗಳಲ್ಲಿ ತೀರ್ಥಹಳ್ಳಿ ಕಡೆಯಿಂದ ಬಂದ ಒಂದು ಯೆಜ್ಡಿ ರೋಡ್‌ಕಿಂಗ್ ಈಗಲೂ ನೆನಪಿನಲ್ಲಿದೆ. ತಂದೆ ತೀರಿಕೊಂಡ ಮೇಲೆ ಹದಿನೆಂಟು ಮಳೆಗಾಲ ಕಟ್ಟಿಗೆ ಕೊಟ್ಟಿಗೆಯಲ್ಲಿ ನಿಂತಿದ್ದ ಅದನ್ನು ಮಗ ತೊಳೆದು, ಹೊಸ ಪ್ಲಗ್ ಹಾಕಿ, ಟ್ಯಾಂಕಿಗೆ ಆಯಿಲ್ ಬೆರೆಸಿದ ಪೆಟ್ರೋಲ್ ತುಂಬಿ, ಊರಿನ ಹುಡುಗರಿಂದ ಇಳಿಜಾರಿನಲ್ಲಿ ತಳ್ಳಿಸಿದರು. ಎಂಜಿನ್ ಶುರುವಾಯಿತು. ಎಕ್ಸಲರೇಟರ್ ಬಿಟ್ಟರೂ ಅದರ ವೇಗ ಇಳಿಯದಿದ್ದುದನ್ನು ನೋಡಿ, ಇಷ್ಟು ವರ್ಷದ ಮೇಲೂ ಎಂಥ ಪಿಕಪ್ ಎಂದು ಎಲ್ಲರೂ ಸಂತೋಷಪಟ್ಟರಂತೆ. ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಹಿಂದಿನ ಚಕ್ರ ಲಾಕ್ ಆಗಿ ಗಾಡಿ ನಿಂತಿತು. ಸಿಲಿಂಡರ್ ಬಿಚ್ಚಿ ನೋಡಿದರೆ ಪಿಸ್ಟನ್ನಿನ ಅಲ್ಯುಮಿನಿಯಂ ಕರಗಿ ಬೋರ್‌ನ, ಅಂದರೆ ಸಿಲಿಂಡರಿನ ಒಳರಂಧ್ರದ, ಗೋಡೆಗೆ ಮೆತ್ತಿಕೊಂಡಿತ್ತು. ಅದುವರೆಗೆ ಒಮ್ಮೆಯೂ ಬೋರಿಂಗ್ (ಆ ರಂಧ್ರವನ್ನು ಕೊರೆದು ಅಗಲಿಸುವ ಕೆಲಸ) ಕಾಣದಿದ್ದ ಎಂಜಿನ್ ಅದು. 65 ಮಿಲಿಮೀಟರಿನ ಆ ಸ್ಟ್ಯಾಂಡರ್ಡ್ ಬೋರ್ ಅರ್ಧ ಮಿಲಿಮೀಟರ್ ಓವರ್‌ಸೈಜಿಗೆ ಹೋಯಿತು.

ಅವರು ಪಿಕಪ್ ಎಂದುಕೊಂಡದ್ದು ವಾಸ್ತವವಾಗಿ ಗಾಳಿಯ ಸೋರಿಕೆ. ಪಿಸ್ಟನ್ನಿನ ಕೆಳಗಡೆ ಕ್ರ್ಯಾಂಕ್ ತಿರುಗುವ ಕೋಣೆಯೇ ಕ್ರ್ಯಾಂಕ್‌ಕೇಸ್. ಫೋರ್ ಸ್ಟ್ರೋಕ್ ಎಂಜಿನ್ನಿನ ಕ್ರ್ಯಾಂಕ್‌ಕೇಸ್ ಆಯಿಲ್ ನಿಲ್ಲುವ ಪೆಟ್ಟಿಗೆಯಷ್ಟೇ ಆಗಿದ್ದರೆ, ಯೆಜ್ಡಿಯಂಥ ಟೂ ಸ್ಟ್ರೋಕ್‌ನಲ್ಲಿ ಅದು ಒಂದು ಪಂಪು. ಪಿಸ್ಟನ್ ಮೇಲೇರಿದಾಗ ಕಾರ್ಬುರೇಟರಿನಿಂದ ಪೆಟ್ರೋಲ್ ಮಿಶ್ರಿತ ಗಾಳಿಯನ್ನು ಒಳಗೆಳೆದುಕೊಳ್ಳುವುದೂ, ಕೆಳಗಿಳಿದಾಗ ಅದನ್ನು ಒತ್ತಿ ಸಿಲಿಂಡರಿಗೆ ಕಳಿಸುವುದೂ ಅದರ ಕೆಲಸ. ಪಂಪು ಕೆಲಸ ಮಾಡಬೇಕಾದರೆ ಕ್ರ್ಯಾಂಕಿನ ಎರಡೂ ತುದಿಯ ಆಯಿಲ್ ಸೀಲ್‌ಗಳು ಬಿಗಿಯಾಗಿರಬೇಕು. ವರ್ಷಗಟ್ಟಲೆ ಒಣಗಿ ನಿಂತ ಸೀಲಿನ ರಬ್ಬರ್ ತುಟಿ ಗಾಜಿನ ಬಳೆಯಂತೆ ಗಡುಸಾಗುತ್ತದೆ. ಬಲಗಡೆಯ ಡೈನಮೋ ಬದಿಯ ಸೀಲ್ ಹೋದರೆ ಕಾರ್ಬುರೇಟರಿನ ಲೆಕ್ಕಕ್ಕೆ ಸಿಗದ ಗಾಳಿ ಒಳಸೇರಿ, ಪೆಟ್ರೋಲಿನ ಜೊತೆಗೆ ಆಯಿಲ್ ಕೂಡ ಕಡಿಮೆಯಾಗಿ, ಎಂಜಿನ್ ತಾನಾಗಿ ವೇಗ ಹೆಚ್ಚಿಸಿಕೊಂಡು ಬಿಸಿಯೇರುತ್ತದೆ. ಎಡಗಡೆಯ ಕ್ಲಚ್ ಬದಿಯದು ಹೋದರೆ ಗೇರ್ ಆಯಿಲ್ ಎಳೆದುಕೊಂಡು ಸುಡುವುದರಿಂದ ಎರಡೂ ಸೈಲೆನ್ಸರ್‌ಗಳಿಂದ ನಿಲ್ಲದ ಬಿಳಿ ಹೊಗೆ ಬರುತ್ತದೆ. ಹೊಗೆ ಕಂಡವರು ಗಾಬರಿಯಾಗಿ ಗಾಡಿ ನಿಲ್ಲಿಸುತ್ತಾರೆ, ಆದ್ದರಿಂದ ಅದರಲ್ಲಿ ಅಪಾಯ ಕಡಿಮೆ. ಗಾಳಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಹತ್ತು ವರ್ಷ ಮೀರಿ ನಿಂತ ಟೂ ಸ್ಟ್ರೋಕ್ ಎಂಜಿನ್ನನ್ನು ಪೂರ್ತಿ ಬಿಚ್ಚದೆ ನಾನು ಚಾಲೂ ಮಾಡದಿರುವುದಕ್ಕೆ ಸೀಲ್ ಒಂದೇ ಕಾರಣವಲ್ಲ. ಎಂಜಿನ್ ನಿಂತಾಗ ಹೆಚ್ಚಾಗಿ ಒಂದಲ್ಲ ಒಂದು ಬಾಗಿಲು ತೆರೆದೇ ಇರುತ್ತದೆ: ಪಿಸ್ಟನ್ ಕೆಳಗೆ ನಿಂತಿದ್ದರೆ ಸೈಲೆನ್ಸರ್ ಕಡೆಯಿಂದ, ಮೇಲೆ ನಿಂತಿದ್ದರೆ ಕಾರ್ಬುರೇಟರ್ ಕಡೆಯಿಂದ ಮಲೆನಾಡಿನ ತೇವ ಒಳಗೆ ನುಗ್ಗುತ್ತದೆ. ಹಾಗೆ ಬಂದ ತೇವ ಕ್ರ್ಯಾಂಕ್‌ಕೇಸಿನ ತಳದಲ್ಲಿ ನೀರಾಗಿ ನಿಂತು, ಕನೆಕ್ಟಿಂಗ್ ರಾಡ್‌ನ ಕೆಳತುದಿಯ ರೋಲರ್‌ಗಳನ್ನು ತಿನ್ನುತ್ತದೆ. ಮೊದಲು ಪ್ಲಗ್ ತೆಗೆದು, ಆ ತೂತಿನಿಂದ ಡೀಸೆಲ್ ಮತ್ತು ಟೂಟಿ (ಟೂ ಸ್ಟ್ರೋಕ್) ಆಯಿಲ್ ಸಮಪಾಲು ಬೆರೆಸಿ ಸುರಿದು, ಎರಡು ಮೂರು ದಿನ ಹಾಗೇ ಬಿಡುತ್ತೇನೆ. ಆಮೇಲೂ ಕಿಕ್ ಲಿವರಿನ ಮೇಲೆ ಕಾಲಿಡಬಾರದು. ಯೆಜ್ಡಿಯಲ್ಲಿ ಕಿಕ್ ಮತ್ತು ಗೇರ್ ಎರಡಕ್ಕೂ ಅದೊಂದೇ ಲಿವರ್; ಹಿಡಿದುಕೊಂಡಿರುವ ಎಂಜಿನ್ನಿನ ಮೇಲೆ ಬಲಪ್ರಯೋಗ ಮಾಡಿದರೆ ಒಳಗಿನ ಹಲ್ಲುಗಳು ಸವೆದು ಇನ್ನೊಂದು ಖರ್ಚು ಹುಟ್ಟುತ್ತದೆ. ಸಿಲಿಂಡರ್ ತೆಗೆದ ಮೇಲೆ ರಾಡನ್ನು ಮೇಲೆ ಕೆಳಗೆ ಎಳೆದು ನೋಡಬೇಕು. ಪಕ್ಕಕ್ಕೆ ತುಸು ಅಲ್ಲಾಡುವುದು ಸಹಜ, ಮೇಲೆ ಕೆಳಗೆ ಎಳ್ಳಷ್ಟು ಅಲ್ಲಾಡಿದರೂ ರಾಡ್ ಕಿಟ್ ಬದಲಾಗಬೇಕು. ಪ್ರೆಸ್ ಮಾಡಿ ಕೂಡಿಸಿದ ಕ್ರ್ಯಾಂಕನ್ನು ಸುತ್ತಿಗೆಯಿಂದ ಬಡಿದು ಅಂದಾಜಿನಲ್ಲಿ ನೇರ ಮಾಡುವವರು ಇನ್ನೂ ಇದ್ದಾರೆ. ಡಯಲ್ ಗೇಜ್ ಇಟ್ಟು ಅದು ನೇರವಾಗಿದೆಯೆಂದು ಅಳೆದು ತೋರಿಸದವರಿಗೆ ಈ ಕೆಲಸ ಕೊಡಬೇಡಿ. ಸೀಲ್ ಸಿಗುವುದಿಲ್ಲವೆಂದು ಹೆದರಬೇಕಾಗಿಲ್ಲ. ಹಳೆಯದರ ಒಳ ಅಳತೆ, ಹೊರ ಅಳತೆ ಮತ್ತು ದಪ್ಪ ಬರೆದುಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ನಿಮ್ಮೂರಿನ ಬೇರಿಂಗ್ ಅಂಗಡಿಯಲ್ಲೋ ವಿಚಾರಿಸಿದರೆ ಸಾಮಾನ್ಯವಾಗಿ ಸಿಗುತ್ತದೆ.

ಟ್ಯಾಂಕಿನ ತುಕ್ಕನ್ನು ಸಿಟ್ರಿಕ್ ಆಮ್ಲದ ಬಿಸಿನೀರಿನಲ್ಲಿ ಒಂದು ರಾತ್ರಿ ನೆನೆಸಿ ತೆಗೆಯಬಹುದು. ತೊಳೆದು ಒಣಗಿಸಿದ ತಕ್ಷಣ ಒಳಗೆ ಟೂಟಿ ಆಯಿಲ್ ಆಡಿಸದಿದ್ದರೆ ಸಂಜೆಯೊಳಗೆ ಮತ್ತೆ ಕೆಂಪು ಕಾಣಿಸುತ್ತದೆ. ಈಗಿನ ಪೆಟ್ರೋಲಿನಲ್ಲಿ 20 ಶೇಕಡಾವರೆಗೆ ಎಥನಾಲ್ ಇರುವುದರಿಂದ ಹಳೆಯ ಪೈಪು, ಟ್ಯಾಪಿನ ವಾಷರ್ ಮತ್ತು ಕಾರ್ಬುರೇಟರಿನ ಪ್ಯಾಕಿಂಗ್‌ಗಳನ್ನು ನೋಡಲು ಚೆನ್ನಾಗಿದ್ದರೂ ಬದಲಾಯಿಸಬೇಕು. ಹಿತ್ತಾಳೆಯ ಫ್ಲೋಟನ್ನು ಬಿಸಿನೀರಿನಲ್ಲಿ ಮುಳುಗಿಸಿದಾಗ ಗುಳ್ಳೆ ಎದ್ದರೆ ಅದು ತೂತಾಗಿದೆ ಎಂದರ್ಥ.

ವಿದ್ಯುತ್ ವ್ಯವಸ್ಥೆಯಲ್ಲಿ ಹೆಚ್ಚು ಸತಾಯಿಸುವುದು ಪ್ಲಗ್‌ನ ಕಿಡಿಗೆ ನೆರವಾಗುವ ಕಂಡೆನ್ಸರ್. ತಣ್ಣಗಿರುವಾಗ ಸರಿಯಾಗಿದ್ದು, ಎಂಜಿನ್ ಬಿಸಿಯಾದ ಮೇಲೆ ಕೈಕೊಡುವುದು ಅದರ ಗುಣ. ಅದನ್ನು ಪರೀಕ್ಷಿಸುತ್ತಾ ಕೂರುವುದಕ್ಕಿಂತ ಹೊಸದು ಹಾಕುವುದು ಮೇಲು. ಕಿಡಿಯ ಸಮಯ ನಿಗದಿ ಮಾಡುವ ಪಾಯಿಂಟ್‌ಗಳು ತೆರೆದಾಗಿನ ಗ್ಯಾಪ್ 0.4 ಮಿಲಿಮೀಟರ್ ಇರಲಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ, 2307 ಎಂದಿದ್ದರೆ ಅದು 2007ರ 23ನೇ ವಾರದ ಟೈರು. ಅದರ ಮೇಲಿನ ಗೀರುಗಳು ಎಷ್ಟೇ ಆಳವಿರಲಿ, ಅದು ರಸ್ತೆಗೆ ಯೋಗ್ಯವಲ್ಲ. ಹಳೆಯ ಬ್ರೇಕ್ ಲೈನರ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆಯಿದೆ. ಡ್ರಮ್ಮಿನ ಧೂಳನ್ನು ಊದದೆ ಒದ್ದೆ ಬಟ್ಟೆಯಿಂದ ಒರೆಸಿ.

ಬಣ್ಣದ ಮಾತು ಇಷ್ಟೆಲ್ಲ ಆದ ಮೇಲೆ. ಬೀದಿಯಲ್ಲಿ ಹೊಳೆಯುವ ಕ್ರೋಮಿನ ಕೆಳಗೆ ಮೂವತ್ತು ವರ್ಷದ ಸೀಲ್ ಇರುವ ಗಾಡಿಗಳನ್ನು ಬೇಕಾದಷ್ಟು ನೋಡಿದ್ದೇನೆ. ನನ್ನ ಮಟ್ಟಿಗೆ, ಅರ್ಧದಷ್ಟಾದರೂ ಉಳಿದಿರುವ ಕಾರ್ಖಾನೆಯ ಬಣ್ಣವನ್ನು ಕೆರೆದು ಹಾಕುವುದು ನಷ್ಟವೇ. ಐವತ್ತು ವರ್ಷ ದಾಟಿದ, ಮೂಲ ಸ್ವರೂಪ ಕೆಡದ ವಾಹನಗಳಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ದೊರೆಯುವುದರಿಂದ, ಹಳೆಯ ಜಾವಾ ಇರುವವರು ಚಾಸಿಸ್‌ಗಾಗಲಿ ಎಂಜಿನ್‌ಗಾಗಲಿ ಮಾರ್ಪಾಡು ಮಾಡಿಸುವ ಮುನ್ನ ಆ ನಿಯಮವನ್ನು ಓದಿಕೊಳ್ಳಬೇಕು. ಆರ್‌ಸಿಯಲ್ಲಿರುವ ಎಂಜಿನ್ ಮತ್ತು ಚಾಸಿಸ್ ನಂಬರುಗಳನ್ನು ಗಾಡಿಯ ಮೇಲಿನವುಗಳೊಂದಿಗೆ ಹೋಲಿಸಿ ನೋಡಿದ ಮೇಲೆಯೇ ಮುಂಗಡ ಕೊಡಿ.

ತೀರ್ಥಹಳ್ಳಿಯ ಗಾಡಿಯ ಟ್ಯಾಂಕಿನ ಹೊರಮೈಯನ್ನು ನಾವು ಮುಟ್ಟಲಿಲ್ಲ. ಹೊಸ ಬೋರ್ ಆದ್ದರಿಂದ ಮೊದಲ 500 ಕಿಲೋಮೀಟರ್ ಲೀಟರಿಗೆ 50 ಮಿಲಿಲೀಟರ್ ಆಯಿಲ್, ಆಮೇಲೆ 40 ಎಂದು ಬರೆದುಕೊಟ್ಟು, ಐದು ಕಿಲೋಮೀಟರಿಗೊಮ್ಮೆ ನಿಲ್ಲಿಸಿ ಆರಲು ಬಿಡಿ, ಎಕ್ಸಲರೇಟರ್ ಬಿಟ್ಟಾಗ ವೇಗ ಇಳಿಯದಿದ್ದರೆ ಕೂಡಲೇ ಕೀ ಆಫ್ ಮಾಡಿ ಎಂದು ಹೇಳಿ ಕಳಿಸಿದೆ. 500 ತುಂಬಿದ ಮೇಲೆ ಅವರು ಹೆಡ್ ನಟ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಲು ಬಂದರು. ಆ ಬಾರಿ ಟೆಂಪೋದಲ್ಲಿ ಹೇರಿಕೊಂಡು ಬರದೆ, ಓಡಿಸಿಕೊಂಡೇ ಬಂದಿದ್ದರು.