ಲೂಪಿನೊಳಗಿನ ರಿಟರ್ನ್ ಎಲ್ಲಿಗೆ ಹೋಗುತ್ತದೆ?

ರೂಬಿಯಲ್ಲಿ ಕೈ ಪಳಗಿದವರು ಜಾವಾಸ್ಕ್ರಿಪ್ಟ್ ಬರೆಯಲು ಕೂತಾಗ, ಇಲ್ಲವೇ ಜಾವಾಸ್ಕ್ರಿಪ್ಟ್‌ನ ರಿಯಾಕ್ಟ್ ಮಾಡಿಕೊಂಡಿದ್ದವರ ಕೈಗೆ ರೂಬಿಯ ರೈಲ್ಸ್ ಕೋಡ್ ಬಿದ್ದಾಗ, ಕೋಡ್ ರಿವ್ಯೂನಲ್ಲಿ ಮತ್ತೆ ಮತ್ತೆ ಸಿಗುವುದು ಒಂದೇ ತಪ್ಪು. ಪಟ್ಟಿಯ ಒಂದೊಂದು ಐಟಂಗೂ ಒಂದು ಸುತ್ತು ಹಾಕುವ ರೂಬಿಯ ಈಚ್, ಜಾವಾಸ್ಕ್ರಿಪ್ಟ್‌ನ ಫಾರ್‌ಈಚ್ ಎರಡೂ ಒಂದೇ ತಾನೇ ಎಂದುಕೊಂಡು ಸಾಲಿಗೆ ಸಾಲು ಅನುವಾದ ಮಾಡಿಬಿಡುತ್ತಾರೆ. ಮ್ಯಾಪ್, ರಿಡ್ಯೂಸ್ ಎರಡೂ ಕಡೆ ಇವೆ. ಸೆಲೆಕ್ಟ್‌ಗೆ ರೂಬಿ 2.6ರಿಂದ ಫಿಲ್ಟರ್ ಎಂಬ ಇನ್ನೊಂದು ಹೆಸರೂ ಇದೆ. ಹೆಸರು ಹೊಂದಿಸುವುದು ಯಾರಿಗೂ ಕಷ್ಟವಲ್ಲ, ಆ ಪಟ್ಟಿಯನ್ನು ಇಲ್ಲಿ ಕೊಡುವುದಿಲ್ಲ. ಕೆಲಸ ಕೆಡಿಸುವುದು ಲೂಪಿನೊಳಗೆ ಬರೆದ ರಿಟರ್ನ್, ಅಂದರೆ ‘ಇಲ್ಲಿಗೆ ಮುಗಿಸಿ ಹೊರಗೆ ಬಾ’ ಎನ್ನುವ ಆಜ್ಞೆ.

ರೂಬಿಯ ಬ್ಲಾಕ್, ಅಂದರೆ ಈಚ್‌ಗೆ ಕೊಡುವ ಕೋಡಿನ ತುಂಡು, ಯಾವ ಮೆಥಡ್‌ನೊಳಗೆ ಕೂತಿದೆಯೋ ಅದರದೇ ಭಾಗ. ಆದ್ದರಿಂದ ಬ್ಲಾಕಿನೊಳಗೆ ರಿಟರ್ನ್ ಬಂದರೆ ಇಡೀ ಮೆಥಡ್ ಅಲ್ಲಿಗೇ ಮುಗಿಯುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಫಾರ್‌ಈಚ್‌ಗೆ ಕೊಡುವ ಕಾಲ್‌ಬ್ಯಾಕ್ ತಾನೇ ಒಂದು ಫಂಕ್ಷನ್, ಅದರೊಳಗಿನ ರಿಟರ್ನ್ ಮುಗಿಸುವುದು ಆ ಒಂದು ಸುತ್ತನ್ನು ಮಾತ್ರ. ಇದನ್ನು ಹೇಳಿದಾಗ ಎಲ್ಲರೂ ತಲೆಯಾಡಿಸುತ್ತಾರೆ, ಮುಂದಿನ ವಾರ ಅದನ್ನೇ ಬರೆದು ಕಳಿಸುತ್ತಾರೆ. ಹಾಗಾಗಿ ಬಿಡಿಸಿಯೇ ನೋಡೋಣ.

ಒಂದು ಆರ್ಡರ್‌ನಲ್ಲಿ 10 ಐಟಂ ಇವೆ, ಮೂರನೆಯದಕ್ಕೆ ಬೆಲೆ ಇಲ್ಲ. ‘ಬೆಲೆ ಇಲ್ಲದಿದ್ದರೆ ರಿಟರ್ನ್, ಇದ್ದರೆ ಟೋಟಲ್‌ಗೆ ಕೂಡಿಸು’ ಎಂದು ಲೂಪಿನೊಳಗೆ ಬರೆದು, ಕೊನೆಯ ಸಾಲಿನಲ್ಲಿ ಟೋಟಲ್ ಕೊಟ್ಟಿದ್ದೀರಿ. ಫಾರ್‌ಈಚ್ ಆದರೆ ಮೂರನೆಯದನ್ನು ಬಿಟ್ಟು ಉಳಿದ 9ನ್ನು ಕೂಡಿಸುತ್ತದೆ. ಅದೇ ಸಾಲುಗಳನ್ನು ರೂಬಿಯ ಈಚ್‌ಗೆ ತಂದರೆ ಮೂರನೆಯ ಐಟಂ ಬಂದೊಡನೆ ಮೆಥಡ್ ನಿಲ್ (ರೂಬಿಯ ‘ಏನೂ ಇಲ್ಲ’) ಕೊಟ್ಟು ಹೊರಟುಹೋಗುತ್ತದೆ. ಎರರ್ ಅಲ್ಲಿ ಕಾಣುವುದಿಲ್ಲ. ಇನ್ಯಾವುದೋ ಫೈಲಿನಲ್ಲಿ ತೆರಿಗೆ ಗುಣಿಸುವ ಸಾಲಿನ ಮೇಲೆ ‘ನೋಮೆಥಡ್‌ಎರರ್’ ಬೀಳುತ್ತದೆ, ಹುಡುಕುವವರು ಅರ್ಧ ದಿನ ಆ ತೆರಿಗೆಯ ಸಾಲನ್ನೇ ಕೆದಕುತ್ತಾರೆ. ಇಲ್ಲಿ ಬೇಕಿದ್ದದ್ದು ಈ ಸುತ್ತನ್ನಷ್ಟೇ ಮುಗಿಸಿ ಮುಂದಿನದಕ್ಕೆ ಹೋಗುವ ನೆಕ್ಸ್ಟ್.

ತಿರುಗಾಮುರುಗಾ ಮಾಡಿದರೂ ಕಾಟವೇ. ರೂಬಿಯಲ್ಲಿ ಈಚ್‌ನೊಳಗೆ ‘ಸಿಕ್ಕಿತು, ರಿಟರ್ನ್’ ಎಂದು ಬರೆಯುವುದು ಸರಿಯಾಗಿಯೇ ನಡೆಯುತ್ತದೆ. ಫಾರ್‌ಈಚ್‌ನಲ್ಲಿ ಹಾಗೆ ಬರೆದರೆ ಸಿಕ್ಕಿದ್ದನ್ನು ಕೈಬಿಟ್ಟು ಕೊನೆಯವರೆಗೂ ಓಡುತ್ತದೆ, ಹೊರಗಿನ ಫಂಕ್ಷನ್ ಅನ್‌ಡಿಫೈನ್ಡ್ (ಜಾವಾಸ್ಕ್ರಿಪ್ಟ್‌ನ ‘ಏನೂ ಇಲ್ಲ’) ಕೊಡುತ್ತದೆ. ಬ್ರೇಕ್ ಹಾಕಿದರೆ ಸಿಂಟ್ಯಾಕ್ಸ್ ಎರರ್, ಅದಾದರೂ ಕಣ್ಣಿಗೆ ಬೀಳುತ್ತದೆ. ಮೊದಲು ಸಿಕ್ಕಿದ್ದನ್ನು ಕೊಡುವ ಫೈಂಡ್ ಬಳಸಿ, ಅಥವಾ ಫಾರ್-ಆಫ್ ಲೂಪ್ ಬರೆಯಿರಿ. ಫಾರ್-ಆಫ್‌ನೊಳಗಿನ ರಿಟರ್ನ್ ನಿಜವಾಗಿಯೂ ಫಂಕ್ಷನ್‌ನಿಂದ ಹೊರಬರುತ್ತದೆ. ಸಮ್ (some, ಕೂಡಿಸುವ sum ಅಲ್ಲ) ಬಳಸಿ ಟ್ರೂ ಕೊಟ್ಟು ನಿಲ್ಲಿಸುವ ಜಾಣರೂ ಇದ್ದಾರೆ. ನಡೆಯುತ್ತದೆ, ಆದರೆ ಓದುವವರನ್ನು ಸುಮ್ಮನೆ ಗೋಳಾಡಿಸಬೇಡಿ.

ಫಾರ್‌ಈಚ್ ಕಾಲ್‌ಬ್ಯಾಕ್ ಕೊಟ್ಟಿದ್ದನ್ನೆಲ್ಲ ಬಿಸಾಡುತ್ತದೆ ಎಂಬುದು ತಲೆಗೆ ಹೋದರೆ ಅಸಿಂಕ್ (ಉತ್ತರ ತಡವಾಗಿ ಬರುವ ಕೆಲಸದ) ಗೋಜಲೂ ಬಿಡಿಸಿಕೊಳ್ಳುತ್ತದೆ. ಅಸಿಂಕ್ ಕಾಲ್‌ಬ್ಯಾಕ್ ಕೊಡುವುದು ಒಂದು ಪ್ರಾಮಿಸ್, ಅಂದರೆ ಉತ್ತರ ಆಮೇಲೆ ಬರುತ್ತದೆ ಎಂಬ ಚೀಟಿ, ಫಾರ್‌ಈಚ್ ಅದನ್ನೂ ಬಿಸಾಡುತ್ತದೆ. ಒಳಗೆ ‘ಉತ್ತರಕ್ಕೆ ಕಾದಿರು’ ಎನ್ನುವ ಅವೇಟ್ ಬರೆದಿದ್ದರೂ ಮುಂದಿನ ಸಾಲು ಕಾಯುವುದಿಲ್ಲ, ಸುತ್ತಲಿನ ಟ್ರೈ-ಕ್ಯಾಚ್‌ಗೆ ಆ ಪ್ರಾಮಿಸ್‌ನ ಎರರ್ ಸಿಗುವುದಿಲ್ಲ. ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನ (Node) 15ನೇ ಆವೃತ್ತಿಯಿಂದೀಚೆಗೆ, ಯಾರೂ ಹಿಡಿಯದ ಅಂಥ ಎರರ್ ಡೀಫಾಲ್ಟ್ ಆಗಿ ಪ್ರೋಸೆಸನ್ನೇ ಕೆಡವುತ್ತದೆ. ಒಂದಾದ ಮೇಲೊಂದು ನಡೆಯಬೇಕಿದ್ದರೆ ಫಾರ್-ಆಫ್‌ನೊಳಗೆ ಅವೇಟ್ ಹಾಕಿ: ತಲಾ 200 ಮಿಲಿಸೆಕೆಂಡಿನ 20 ಕರೆಗಳಿಗೆ ಸುಮಾರು 4 ಸೆಕೆಂಡು ಹಿಡಿಯುತ್ತದೆ. ಒಟ್ಟಿಗೇ ಆಗಬಹುದಾದರೆ ಮ್ಯಾಪ್ ಮಾಡಿ, ಎಲ್ಲ ಪ್ರಾಮಿಸ್‌ಗಳಿಗೂ ಒಟ್ಟಿಗೆ ಕಾಯುವ ಪ್ರಾಮಿಸ್.ಆಲ್‌ಗೆ ಕೊಡಿ. ಆದರೆ 500 ಐಟಂ ಇದ್ದರೆ 500 ಕರೆಗಳೂ ಒಟ್ಟಿಗೇ ಹೊರಡುತ್ತವೆ. ಎದುರಿನ ಸರ್ವರ್ ಅಷ್ಟನ್ನು ತಡೆದುಕೊಳ್ಳುತ್ತದೆಯೇ ಎಂದು ಮೊದಲು ಕೇಳಿಕೊಳ್ಳಿ, ಅನುಮಾನವಿದ್ದರೆ ತುಂಡು ತುಂಡಾಗಿ ಕಳಿಸಿ.

ಮ್ಯಾಪ್ ಫಾರ್‌ಈಚ್‌ನ ಹಾಗೆ ಬಿಸಾಡುವುದಿಲ್ಲ, ಪ್ರತಿ ಸುತ್ತಿನ ಉತ್ತರವನ್ನೂ ಹೊಸ ಅರೇಯಲ್ಲಿ ಎತ್ತಿಡುತ್ತದೆ. ರೂಬಿಯಲ್ಲಿ ಬ್ಲಾಕಿನ ಕೊನೆಯ ಸಾಲೇ ಉತ್ತರ. ಆ ಅಭ್ಯಾಸದಲ್ಲಿ ಜಾವಾಸ್ಕ್ರಿಪ್ಟ್‌ನ ಬಾಣದ (=>) ಮುಂದೆ ಕರ್ಲಿ ಬ್ರೇಸ್ ತೆರೆದು, ರಿಟರ್ನ್ ಮರೆತರೆ ಅರೇ ತುಂಬ ಅನ್‌ಡಿಫೈನ್ಡ್. ಒಂದು ಆಬ್ಜೆಕ್ಟನ್ನೇ ಹಾಗೆ ನೇರವಾಗಿ ಕೊಡುವುದಿದ್ದರೆ ಅದರ ಸುತ್ತ ದುಂಡು ಆವರಣ ಬೇಕು, ಇಲ್ಲದಿದ್ದರೆ ಅದನ್ನು ಫಂಕ್ಷನ್‌ನ ಒಡಲು ಎಂದೇ ಓದಿಕೊಳ್ಳುತ್ತದೆ. ಇತ್ತ ರೂಬಿಯ ಮ್ಯಾಪ್‌ನಲ್ಲಿ ಬರೀ ನೆಕ್ಸ್ಟ್ ಬರೆದರೆ ಆ ಐಟಂ ಮಾಯವಾಗುವುದಿಲ್ಲ, ಅದರ ಜಾಗದಲ್ಲಿ ನಿಲ್ ಕೂರುತ್ತದೆ. ರೂಬಿ 2.7ರಲ್ಲಿ ಬಂದ, ಅಂಥ ನಿಲ್‌ಗಳನ್ನು ಬಿಟ್ಟುಬಿಡುವ ಫಿಲ್ಟರ್_ಮ್ಯಾಪ್ ಇರುವುದು ಇದಕ್ಕೇ. ಬರೀ ಬ್ರೇಕ್ ಹಾಕಿದರಂತೂ ಅಲ್ಲಿಯವರೆಗೆ ಕಟ್ಟಿದ ಅರ್ಧ ಅರೇಯೂ ಹೋಗುತ್ತದೆ, ಮ್ಯಾಪ್‌ನಿಂದ ಬರುವುದು ನಿಲ್.

ಉತ್ತರ ನಿಜವಾದ ಐಟಂಗಳನ್ನಷ್ಟೇ ಉಳಿಸುವ ಫಿಲ್ಟರ್ ಬಗ್ಗೆ ಒಂದೇ ಮಾತು: ರೂಬಿಗೆ ನಿಲ್ ಮತ್ತು ಫಾಲ್ಸ್ ಮಾತ್ರ ಸುಳ್ಳು, 0 ನಿಜ. ಜಾವಾಸ್ಕ್ರಿಪ್ಟ್‌ಗೆ 0, ಖಾಲಿ ಸ್ಟ್ರಿಂಗ್ ಎರಡೂ ಸುಳ್ಳು. ಸ್ಟಾಕ್ 0 ಇರುವ ಸರಕು ಪಟ್ಟಿಯಿಂದಲೇ ಕಾಣೆಯಾಗಿದ್ದರೆ ಮೊದಲು ಇಲ್ಲಿ ನೋಡಿ.

ರೂಬಿಯ ರಿಟರ್ನ್ ಬಗ್ಗೆ ಹೇಳಿದ್ದು ಸಾಮಾನ್ಯ ಬ್ಲಾಕಿಗೆ. ಫಂಕ್ಷನ್‌ನಂತೆ ನಡೆಯುವ ಲ್ಯಾಂಬ್ಡಾ ಆದರೆ ರಿಟರ್ನ್ ಅದರಿಂದಷ್ಟೇ ಹೊರಬರುತ್ತದೆ. ಬ್ಲಾಕನ್ನು ಆಮೇಲೆ ಕರೆಯಲು ಪ್ರಾಕ್ (Proc) ಆಗಿ ಎತ್ತಿಟ್ಟುಕೊಂಡು, ಮೂಲ ಮೆಥಡ್ ಮುಗಿದ ಮೇಲೆ ಕರೆದರೆ ‘ಲೋಕಲ್‌ಜಂಪ್‌ಎರರ್’ ಬರುತ್ತದೆ.

ಕೋಡ್ ಓದಿ ತಪ್ಪು ತೋರಿಸುವ ಲಿಂಟರ್ ಇದೆಯಲ್ಲ ಎನ್ನುವವರಿಗೆ: ಜಾವಾಸ್ಕ್ರಿಪ್ಟ್‌ನ ಲಿಂಟರ್ ಇಎಸ್‌ಲಿಂಟ್‌ನಲ್ಲಿ ‘ಅರೇ-ಕಾಲ್‌ಬ್ಯಾಕ್-ರಿಟರ್ನ್’ ನಿಯಮ ಹಾಕಿಕೊಂಡರೆ ಮ್ಯಾಪ್‌ನ ಮರೆತ ರಿಟರ್ನ್ ಸಿಕ್ಕಿಬೀಳುತ್ತದೆ. ಫಾರ್‌ಈಚ್‌ಗೂ ಬೇಕಿದ್ದರೆ ಅದರಲ್ಲೇ ‘ಚೆಕ್‌ಫಾರ್‌ಈಚ್’ ಆಯ್ಕೆಯನ್ನು ಬೇರೆಯಾಗಿ ಆನ್ ಮಾಡಬೇಕು. ರೂಬಿಯ ಲಿಂಟರ್ ರೂಬೋಕಾಪ್‌ನ ‘ನಾನ್‌ಲೋಕಲ್‌ಎಕ್ಸಿಟ್‌ಫ್ರಮ್‌ಇಟರೇಟರ್’ ನಿಯಮ ಬರೀ ರಿಟರ್ನ್ ಕಂಡರೆ ಎಚ್ಚರಿಸುತ್ತದೆ. ‘ರಿಟರ್ನ್ ನಿಲ್’ ಅಥವಾ ‘ರಿಟರ್ನ್ 0’ ಎಂದು ಬರೆದಿದ್ದರೆ, ಬೇಕೆಂದೇ ಬರೆದಿದ್ದೀರಿ ಎಂದು ಸುಮ್ಮನಿರುತ್ತದೆ.