ಖಾತೆ ಸಿಕ್ಕಿತು, ಸಾಲ? ಭಾರತದ ಹಣಕಾಸು ವಲಯದ ಮೇಲೊಂದು ಅಧ್ಯಯನ ಟಿಪ್ಪಣಿ

ನಮ್ಮೂರಿನ ಪೇಟೆ ಬೀದಿಗೆ ಸಂಜೆ ಆರರ ಹೊತ್ತಿಗೆ ಪಿಗ್ಮಿಯವರು ಬರುತ್ತಾರೆ. ಕೈಯಲ್ಲೊಂದು ಪುಟ್ಟ ಮೆಷಿನ್. ಹೂವಿನ ಅಂಗಡಿಯಾಕೆ 50 ರೂಪಾಯಿ ಕೊಟ್ಟು, ಚೀಟಿ ಇಸಿದುಕೊಂಡು, ಮಡಚಿ ಸೊಂಟದ ಚೀಲಕ್ಕೆ ಸೇರಿಸುತ್ತಾರೆ. ಪಕ್ಕದ ಸೈಕಲ್ ಶಾಪಿನವರು "ಇವತ್ತು ವ್ಯಾಪಾರ ಇಲ್ಲ, ನಾಳೆ ಬನ್ನಿ" ಅನ್ನುತ್ತಾರೆ. ಹಣಕಾಸು ವಲಯದ ಪಾಠ ಓದುವಾಗೆಲ್ಲ ನನಗೆ ಈ ಬೀದಿಯೇ ನೆನಪಾಗುತ್ತದೆ.

ಪಿಗ್ಮಿ ಶುರುವಾದದ್ದು 1928ರಲ್ಲಿ, ಉಡುಪಿಯಲ್ಲಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ ಮನೆಬಾಗಿಲಿಗೆ ಬಂದು ದಿನಕ್ಕೆ 2 ಆಣೆಯಷ್ಟು ಚಿಕ್ಕ ಮೊತ್ತವನ್ನೂ ಕೂಡಿಸುತ್ತಿತ್ತು.

ಹಣಕಾಸು ವಲಯ ಅಂದರೆ ಬ್ಯಾಂಕು, ಸಹಕಾರ ಸಂಘ, ವಿಮೆ, ಷೇರುಪೇಟೆ, ಎನ್‌ಬಿಎಫ್‌ಸಿ (ಬ್ಯಾಂಕಲ್ಲದ ಹಣಕಾಸು ಕಂಪನಿ) ಎಲ್ಲ ಸೇರಿದ ಜಾಲ. ಒಬ್ಬರ ಹತ್ತಿರ ಉಳಿದ ದುಡ್ಡನ್ನು ಬೇಕಾದವರ ಕೈಗೆ ಮುಟ್ಟಿಸುವುದು ಅದರ ಕೆಲಸ. ಇದರಲ್ಲಿ ಅರ್ಧ ಭಾಗ ಕೂಡಿಸುವುದು, ಇನ್ನರ್ಧ ಕೊಡುವುದು. ನನಗೆ ಅನ್ನಿಸುವುದು ಇಷ್ಟು: ಮೊದಲ ಅರ್ಧವನ್ನು ಭಾರತ ಬಹುಮಟ್ಟಿಗೆ ಗೆದ್ದಿದೆ. ಕಷ್ಟ ಇರುವುದು ಎರಡನೆಯದರಲ್ಲಿ.

ಕೂಡಿಸಿದ ಕಥೆ

1904ರಲ್ಲಿ ಸಹಕಾರ ಕಾಯ್ದೆ ಬಂತು. ಮರುವರ್ಷವೇ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್ ಹುಟ್ಟಿದವು. 1969ರ ಜುಲೈ 19ರಂದು 14 ಬ್ಯಾಂಕುಗಳು, 1980ರಲ್ಲಿ ಇನ್ನೂ 6 ಬ್ಯಾಂಕುಗಳು ರಾಷ್ಟ್ರೀಕರಣವಾದವು. ನಡುವೆ 1975ರಲ್ಲಿ ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳು ಬಂದವು. 2014ರ ಆಗಸ್ಟ್ 28ಕ್ಕೆ ಜನಧನ ಯೋಜನೆ. 2023ರ ಹೊತ್ತಿಗೆ ಅದರ ಖಾತೆಗಳು 50 ಕೋಟಿ ದಾಟಿದವು. ವಿಶ್ವ ಬ್ಯಾಂಕಿನ ಫಿಂಡೆಕ್ಸ್ ಸಮೀಕ್ಷೆ ಪ್ರಕಾರ 2011ರಲ್ಲಿ ನಮ್ಮ ವಯಸ್ಕರಲ್ಲಿ ಶೇ. 35ರಷ್ಟು ಜನರಿಗೆ ಮಾತ್ರ ಖಾತೆ ಇತ್ತು, 2021ಕ್ಕೆ ಶೇ. 78.

ಹತ್ತೇ ವರ್ಷದಲ್ಲಿ ಇಷ್ಟು ಏರಿದ್ದು ಸಣ್ಣ ಸಾಧನೆಯಲ್ಲ. ಆದರೆ ಅದೇ ಸಮೀಕ್ಷೆಯ ಇನ್ನೊಂದು ಅಂಕಿಯನ್ನೂ ಬರೆದಿಟ್ಟುಕೊಳ್ಳಿ: ಖಾತೆ ಇದ್ದವರಲ್ಲಿ ಮೂರರಲ್ಲಿ ಒಬ್ಬರು ಆ ಹಿಂದಿನ ಒಂದು ವರ್ಷದಲ್ಲಿ ಅದನ್ನು ಮುಟ್ಟಿಯೇ ಇರಲಿಲ್ಲ.

ಕೊಡುವುದು ಯಾಕೆ ಕಷ್ಟ?

ಸಾಲ ಕೊಡುವವನಿಗೆ ಎದುರಿಗಿರುವವರು ಎಂಥವರು, ದುಡ್ಡು ಎಲ್ಲಿಗೆ ಹೋಗುತ್ತದೆ, ವಾಪಸ್ ಬರುತ್ತದಾ ಅನ್ನುವುದು ಪೂರ್ತಿ ಗೊತ್ತಿರುವುದಿಲ್ಲ. ಪಠ್ಯದಲ್ಲಿ ಇದಕ್ಕೆ 'ಮಾಹಿತಿಯ ಅಸಮತೆ' ಅನ್ನುತ್ತಾರೆ. ಈ ಒಂದು ಮಾತು ಹಿಡಿದುಕೊಂಡರೆ ಮುಂದಿನದೆಲ್ಲ ಸುಲಭ.

ಮೊದಲು ದೊಡ್ಡ ಸಾಲ. 2004ರಿಂದ 2008ರ ನಡುವೆ ಆರ್ಥಿಕತೆ ಜೋರಾಗಿ ಓಡುತ್ತಿತ್ತು. ವಿದ್ಯುತ್, ಉಕ್ಕು, ರಸ್ತೆ ಯೋಜನೆಗಳಿಗೆ ಬ್ಯಾಂಕುಗಳು ಧಾರಾಳವಾಗಿ ಸಾಲ ಕೊಟ್ಟವು. ಆಮೇಲೆ ಬೇಡಿಕೆ ಕುಗ್ಗಿತು, ಭೂಮಿ ಮತ್ತು ಪರವಾನಗಿ ಸಿಗದೆ ಯೋಜನೆಗಳು ನಿಂತವು. ಹಳೆ ಸಾಲಕ್ಕೆ ಅವಧಿ ವಿಸ್ತರಿಸಿ, ಹೊಸ ಸಾಲ ಸೇರಿಸಿ ಲೆಕ್ಕ ಸರಿದೂಗಿಸಿದರು. 2015ರಲ್ಲಿ ರಿಸರ್ವ್ ಬ್ಯಾಂಕ್ ಸಾಲಗಳ ಗುಣಮಟ್ಟ ಪರಿಶೀಲನೆಗೆ ಕೂತಾಗ ನಿಜ ಹೊರಬಂತು. 90 ದಿನ ಕಂತು ಬಾರದ ಸಾಲ ಎನ್‌ಪಿಎ. 2018ರ ಮಾರ್ಚ್‌ನಲ್ಲಿ ಬ್ಯಾಂಕುಗಳ ಒಟ್ಟು ಎನ್‌ಪಿಎ ಶೇ. 11ರ ಮೇಲಿತ್ತು.

ಈ ಶೇ. 11 ಎಷ್ಟು ಭಾರ ಅಂತ ಗೊತ್ತಾಗಬೇಕಾದರೆ ಒಂದು ಸಣ್ಣ ಲೆಕ್ಕ ಮಾಡಿ. ಬ್ಯಾಂಕ್ ಠೇವಣಿಗೆ ಶೇ. 6 ಕೊಟ್ಟು, ಸಾಲಕ್ಕೆ ಶೇ. 9 ತೆಗೆದುಕೊಳ್ಳುತ್ತದೆ ಅಂದುಕೊಳ್ಳೋಣ. 100 ರೂಪಾಯಿಗೆ ವರ್ಷಕ್ಕೆ ಉಳಿಯುವುದು 3 ರೂಪಾಯಿ. ಸಂಬಳ, ಬಾಡಿಗೆ ಕಳೆಯುವುದೇ ಬೇಡ. ಆದರೂ 100 ರೂಪಾಯಿಯ ಒಂದು ಸಾಲ ಪೂರ್ತಿ ಮುಳುಗಿದರೆ ಅದನ್ನು ತುಂಬಲು ಬೇರೆ 33 ಸಾಲಗಳ ಒಂದು ವರ್ಷದ ಉಳಿಕೆ ಬೇಕು. ಅದಕ್ಕೇ ಒಮ್ಮೆ ಕೈ ಸುಟ್ಟುಕೊಂಡ ಬ್ಯಾಂಕ್ ಒಳ್ಳೆಯವರಿಗೂ ಸಾಲ ಕೊಡಲು ಹಿಂಜರಿಯುತ್ತದೆ. ಕಂಪನಿಯೂ ಸಾಲದಲ್ಲಿ, ಬ್ಯಾಂಕೂ ನಷ್ಟದಲ್ಲಿ ಇರುವ ಈ ಸ್ಥಿತಿಯನ್ನೇ 'ಟ್ವಿನ್ ಬ್ಯಾಲೆನ್ಸ್ ಶೀಟ್' ಸಮಸ್ಯೆ ಅನ್ನುವುದು. ಪರೀಕ್ಷೆಯಲ್ಲಿ ಬರುವ ಪದ, ಬಾಯಿಪಾಠಕ್ಕಿಂತ ಈ ಲೆಕ್ಕದಿಂದ ಚೆನ್ನಾಗಿ ನೆನಪಿರುತ್ತದೆ.

ಪರಿಹಾರಕ್ಕೆ 2016ರಲ್ಲಿ ದಿವಾಳಿ ಸಂಹಿತೆ, ಅಂದರೆ ಸಾಲ ತೀರಿಸಲಾಗದ ಕಂಪನಿಗಳ ಪ್ರಕರಣ ಇತ್ಯರ್ಥ ಮಾಡುವ ಕಾನೂನು, ಬಂತು. 2017ರ ಅಕ್ಟೋಬರ್‌ನಲ್ಲಿ ಸರ್ಕಾರಿ ಬ್ಯಾಂಕುಗಳಿಗೆ 2.11 ಲಕ್ಷ ಕೋಟಿ ರೂಪಾಯಿ ಬಂಡವಾಳ ತುಂಬುವ ಘೋಷಣೆಯಾಯಿತು. 2024ರ ಮಾರ್ಚ್‌ಗೆ ಎನ್‌ಪಿಎ ಶೇ. 2.8ಕ್ಕೆ ಇಳಿಯಿತು. ಇಳಿದದ್ದರಲ್ಲಿ ವಸೂಲಿಯ ಜೊತೆಗೆ ಲೆಕ್ಕದ ಪುಸ್ತಕದಿಂದ ತೆಗೆದುಹಾಕಿದ (ರೈಟ್ ಆಫ್) ಸಾಲವೂ ಇದೆ, ಇದನ್ನು ಮರೆಯಬೇಡಿ.

ಇನ್ನೊಂದು ತೊಡಕು ಅವಧಿಯದು. ಹೆದ್ದಾರಿಗೆ ಕೊಟ್ಟ ಸಾಲ ತೀರಲು 15 ವರ್ಷ ಬೇಕಾಗಬಹುದು. ನಮ್ಮ ಠೇವಣಿ ಒಂದೆರಡು ವರ್ಷದ್ದು. ಕಂಪನಿಗಳು ಹೂಡಿಕೆದಾರರಿಂದ ನೇರ ಸಾಲ ಎತ್ತುವ ಬಾಂಡ್ ಪೇಟೆ ಇನ್ನೂ ಆಳವಾಗಿ ಬೆಳೆಯದೆ ಇರುವುದರಿಂದ ಈ ಹೊರೆ ಬ್ಯಾಂಕಿನ ಮೇಲೇ ಬೀಳುತ್ತದೆ. 2018ರಲ್ಲಿ ಮೂಲಸೌಕರ್ಯಕ್ಕೆ ಸಾಲ ಕೊಡುತ್ತಿದ್ದ ಐಎಲ್ ಅಂಡ್ ಎಫ್ಎಸ್ ಕಂಪನಿ ಎಡವಿದ್ದು ಈ ಹೊಂದಾಣಿಕೆ ತಪ್ಪಿದ್ದಕ್ಕೂ ಹೌದು.

ಸಂಘದ ಸಾಲ, ವಾರದ ಕಂತು

ನನಗೆ ಜಾಸ್ತಿ ಕಾಡುವ ಭಾಗ ಇದು. ಹೂವಿನ ಅಂಗಡಿಯವರ ಹತ್ತಿರ ಐಟಿ ರಿಟರ್ನ್ಸ್ ಇಲ್ಲ, ಜಮೀನಿನ ಪಹಣಿ ಇಲ್ಲ. ಬ್ಯಾಂಕಿಗೆ ಅವರು ಕಾಣುವುದೇ ಇಲ್ಲ. ಆಗ ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಯ ಕೈಸಾಲ. ಕೇಳಲು ಕಮ್ಮಿ ಅನ್ನಿಸುತ್ತದೆ ಅಲ್ವಾ? ವರ್ಷಕ್ಕೆ ಶೇ. 36 ಆಯಿತು.

ಇದಕ್ಕೆ ಉತ್ತರವಾಗಿ ಬಂದದ್ದು ಸ್ವಸಹಾಯ ಸಂಘ. 1980ರ ದಶಕದಲ್ಲಿ ನಮ್ಮ ರಾಜ್ಯದಲ್ಲೇ ಮೈರಾಡ ಸಂಸ್ಥೆ ಇಂಥ ಗುಂಪುಗಳನ್ನು ಕಟ್ಟಿತು. 1992ರಲ್ಲಿ ನಬಾರ್ಡ್ (ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್) ಅವುಗಳನ್ನು ಬ್ಯಾಂಕಿಗೆ ಜೋಡಿಸಿತು. ಅಡಮಾನ ಇಲ್ಲ, ಪಕ್ಕದಲ್ಲಿ ಕೂತ ಹತ್ತು ಹೆಂಗಸರ ತಿಳಿವಳಿಕೆಯೇ ಭದ್ರತೆ. ಬ್ಯಾಂಕಿಗೆ ಗೊತ್ತಿಲ್ಲದ್ದು ಅವರಿಗೆ ಗೊತ್ತು: ಯಾರ ಮನೆಯಲ್ಲಿ ಹಸು ಕರು ಹಾಕಿದೆ, ಯಾರ ಗಂಡ ದುಡ್ಡು ಕಿತ್ತುಕೊಳ್ಳುತ್ತಾನೆ.

ಆಮೇಲೆ ಮೈಕ್ರೋಫೈನಾನ್ಸ್ ಕಂಪನಿಗಳು ಇದೇ ಗುಂಪಿನ ರೂಪ ತೆಗೆದುಕೊಂಡವು. ಒಂದೇ ಮನೆಗೆ ಮೂರು ನಾಲ್ಕು ಕಡೆಯ ಸಾಲ ಬಂತು. ಒಂದರ ಕಂತಿಗೆ ಇನ್ನೊಂದು ಸಾಲ. ಆಂಧ್ರದಲ್ಲಿ 2010ರಲ್ಲಿ ಈ ಬಿಕ್ಕಟ್ಟು ಸ್ಫೋಟಿಸಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಹದಿನೈದು ವರ್ಷದ ನಂತರ, 2025ರ ಫೆಬ್ರವರಿಯಲ್ಲಿ, ಸಾಲ ವಸೂಲಿಯ ಕಿರುಕುಳ ತಡೆಯಲು ಕರ್ನಾಟಕವೂ ಸುಗ್ರೀವಾಜ್ಞೆ ತಂದಿತು: 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ರಿಸರ್ವ್ ಬ್ಯಾಂಕಿನ 2022ರ ನಿಯಮದಲ್ಲಿ ಕುಟುಂಬದ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು ಅಂತಿದೆ. ಆದರೆ ಕೂಲಿ ಮಾಡುವ ಮನೆಯ 'ತಿಂಗಳ ಆದಾಯ' ಬರೆದುಕೊಳ್ಳುವವರು ಯಾರು, ಹೇಗೆ? ನಿಯಮ ಸೋಲುವುದು ಅಲ್ಲೇ.

ಬಡ್ಡಿ ಲೆಕ್ಕವನ್ನೂ ಒಮ್ಮೆ ಮಾಡಿ ನೋಡಿ. 12,000 ರೂಪಾಯಿಗೆ 'ಫ್ಲಾಟ್ ಶೇ. 12' (ಮೊದಲು ಪಡೆದ ಪೂರ್ತಿ ಸಾಲದ ಮೇಲೆ ಬಡ್ಡಿ), ತಿಂಗಳಿಗೊಂದರಂತೆ ಹನ್ನೆರಡು ಕಂತು ಅಂದರೆ ಬಡ್ಡಿ 1,440, ತಿಂಗಳ ಕಂತು 1,120. ಆದರೆ ಅಸಲು ತಿಂಗಳು ತಿಂಗಳು ಇಳಿಯುತ್ತಿರುತ್ತದೆ. ವರ್ಷದುದ್ದಕ್ಕೂ ಸರಾಸರಿ ಕೈಯಲ್ಲಿದ್ದದ್ದು ಸುಮಾರು 6,500 ಮಾತ್ರ. ಇಳಿಕೆ ಬಾಕಿಯ ಮೇಲೆ ನೋಡಿದರೆ ನಿಜವಾದ ದರ ಸುಮಾರು ಶೇ. 21. ಇದನ್ನು ನಾನು ಅಮ್ಮನ ಸಂಘದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬಿಡಿಸಿ ತೋರಿಸಿದ್ದೆ. ಅವರು ಮೂರು ಸಲ ಕೂಡಿಸಿ ನೋಡಿದರು, ಆಮೇಲೆ ಪಕ್ಕದ ಮನೆಯವರನ್ನೂ ಕರೆದರು.

ಅವಕಾಶ ಎಲ್ಲಿದೆ?

2016ರಲ್ಲಿ ಯುಪಿಐ ಬಂತು. 2023ರ ಆಗಸ್ಟ್ ಒಂದೇ ತಿಂಗಳಲ್ಲಿ 1,000 ಕೋಟಿಗೂ ಹೆಚ್ಚು ವಹಿವಾಟು ನಡೆಯಿತು. ಪಾವತಿ ಸುಲಭವಾಯಿತು ಅನ್ನುವಷ್ಟಕ್ಕೇ ಉತ್ತರ ನಿಲ್ಲಿಸಬೇಡಿ. ಕಾಗದವೇ ಇಲ್ಲದ ವ್ಯಾಪಾರಕ್ಕೆ ಈಗ ದಿನದಿನದ ದಾಖಲೆ ಹುಟ್ಟಿದೆ. 2021ರಲ್ಲಿ ಬ್ಯಾಂಕುಗಳು ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆಗೆ ಸೇರತೊಡಗಿದವು. ನೀವು ಒಪ್ಪಿದರೆ ಒಂದು ಬ್ಯಾಂಕಿನಲ್ಲಿರುವ ನಿಮ್ಮ ಲೆಕ್ಕ ಇನ್ನೊಂದು ಬ್ಯಾಂಕಿಗೆ ನೇರ ಹೋಗುತ್ತದೆ. ಜಮೀನು ನೋಡಿ ಕೊಡುವ ಸಾಲದಿಂದ ದುಡಿಮೆ ನೋಡಿ ಕೊಡುವ ಸಾಲಕ್ಕೆ ಇದು ದಾರಿ.

ಅಪಾಯವೂ ಇದೆ. ಸಾಲದ ಆ್ಯಪ್‌ಗಳು ಫೋನಿನ ನಂಬರುಗಳನ್ನೆಲ್ಲ ಕದ್ದು ನೆಂಟರಿಗೆ ಕರೆ ಮಾಡಿ ಮಾನ ಕಳೆದವು. 2022ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಅದಕ್ಕೆ ಕಡಿವಾಣ ಹಾಕಿತು. ಕಾಂಟ್ಯಾಕ್ಟ್ ಪಟ್ಟಿ ಮುಟ್ಟುವಂತಿಲ್ಲ, ವಾರ್ಷಿಕ ದರವನ್ನು ಮೊದಲೇ ತಿಳಿಸಬೇಕು.

ಹೂವಿನ ಅಂಗಡಿಯಲ್ಲಿ ಈಗ ಕ್ಯೂಆರ್ ಬೋರ್ಡ್ ಇದೆ, ಬುಟ್ಟಿಗೆ ದಾರದಿಂದ ಕಟ್ಟಿದ್ದಾರೆ. ಮೊಳ ಮಲ್ಲಿಗೆ ಕೊಟ್ಟಾಗಲೆಲ್ಲ ದುಡ್ಡು ಬಂದ ದನಿ ಕೇಳುತ್ತದೆ. ಕಳೆದ ವರ್ಷ ಮಗಳ ಕಾಲೇಜು ಫೀಸಿಗೆ ಅವರಿಗೆ ಸಾಲ ಸಿಕ್ಕಿತು. ಕೊಟ್ಟದ್ದು ಆರು ವರ್ಷದ ಪಿಗ್ಮಿ ಚೀಟಿ ನೋಡಿದ ಸಹಕಾರ ಸಂಘ. ಕ್ಯೂಆರ್ ದುಡ್ಡು ಬೀಳುವ ಬ್ಯಾಂಕಿನಿಂದ ಸಾಲ ಬೇಕಾ ಅಂತ ಅವರನ್ನು ಈವರೆಗೆ ಯಾರೂ ಕೇಳಿಲ್ಲ.