ಹತ್ತೇ ತುಂಡು, ಎರಡೇ ಖಾಲಿ ಮನೆ, ಆದ್ರೂ ಯಾಕೆ ಬಿಡಿಸೋಕೆ ಆಗಲ್ಲ?

ಪ್ರಶ್ನೆ: ಮೆಟ್ರೋದಲ್ಲಿ ಆಫೀಸಿಗೆ ಹೋಗುವಾಗ ಫೋನಿನಲ್ಲಿ ಬ್ಲಾಕ್ ಸರಿಸುವ ಆಟ ಆಡ್ತೀನಿ. ದೊಡ್ಡ ಚೌಕವನ್ನು ಕೆಳಗಿನ ಬಾಗಿಲಿಂದ ಆಚೆ ತರಬೇಕು, ಅಷ್ಟೇ. ನೋಡಿದರೆ ಎರಡು ನಿಮಿಷದ ಕೆಲಸ. ಎರಡು ವಾರ ಆಯ್ತು, ಆಗ್ತಾ ಇಲ್ಲ. ಬಿಟ್ಟುಬಿಡೋಣ ಅಂದ್ರೆ ಮನಸ್ಸೂ ಬರಲ್ಲ. ತೊಂದರೆ ನನ್ನ ತಲೆಯಲ್ಲಾ, ಆಟದಲ್ಲಾ?

ಉತ್ತರ: ಆಟದಲ್ಲೇ. ನಿಮ್ಮ ತಲೆ ಸರಿಯಾಗಿದೆ, ಸಮಾಧಾನ ಮಾಡ್ಕೊಳ್ಳಿ.

ನೀವು ಹೇಳುತ್ತಿರುವುದು ಕ್ಲೋಟ್ಸ್ಕಿ ಅನ್ನುವ ಆಟ ಇರಬೇಕು. ಹಳೆಯ ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ಆಡಿದವರಿಗೆ ನೆನಪಿರುತ್ತದೆ. ಹಲಗೆಯ ಅಗಲ ನಾಲ್ಕು ಮನೆ, ಉದ್ದ ಐದು ಮನೆ, ಒಟ್ಟು 20. ಹತ್ತು ತುಂಡುಗಳು ಸೇರಿ 18 ಮನೆ ತುಂಬುತ್ತವೆ, ಎರಡು ಮಾತ್ರ ಖಾಲಿ. ಮೇಲೆ ನಡುವೆ ದೊಡ್ಡ ಚೌಕ. ಅದರ ಅಕ್ಕಪಕ್ಕ ನಿಂತಿರುವ ನಾಲ್ಕು ಉದ್ದ ತುಂಡು, ಕೆಳಗೆ ಅಡ್ಡ ಮಲಗಿರುವ ಒಂದು ತುಂಡು, ಆಮೇಲೆ ನಾಲ್ಕು ಪುಟಾಣಿ ಚೌಕಗಳು. ಎತ್ತೋ ಹಾಗಿಲ್ಲ, ತಿರುಗಿಸೋ ಹಾಗಿಲ್ಲ, ಸರಿಸೋದಷ್ಟೇ.

ಇದಕ್ಕೆ ಬೇಕಾಗುವ ಕನಿಷ್ಠ ನಡೆ ಎಷ್ಟು ಗೊತ್ತಾ? 81. ಅದೂ ಒಂದು ತುಂಡನ್ನು ಎಷ್ಟು ದೂರ ಸರಿಸಿದರೂ ಒಂದೇ ನಡೆ ಅಂತ ಉದಾರವಾಗಿ ಲೆಕ್ಕ ಹಾಕಿದರೆ. ಒಂದೊಂದು ಮನೆಯನ್ನೂ ಎಣಿಸುತ್ತಾ ಹೋದರೆ 116. ದಾರಿ ತಪ್ಪದೆ ಹೋದವರ ಲೆಕ್ಕ ಇದು, ನಾವಂತೂ ಸಾವಿರ ದಾಟಿಸುತ್ತೇವೆ.

ಎಲ್ಲಾ ಗಂಟು ಇರೋದು ಆ ಅಡ್ಡ ತುಂಡಿನಲ್ಲಿ. ದೊಡ್ಡ ಚೌಕ ಕೆಳಗೆ ಬಾಗಿಲ ಹತ್ತಿರ, ನಟ್ಟನಡುವೆ ಬಂದು ನಿಂತಿತು ಅಂದುಕೊಳ್ಳಿ. ಆಗ ಅದರ ಎಡಕ್ಕೆ ಒಂದು ಮನೆ ಅಗಲ, ಬಲಕ್ಕೆ ಒಂದು ಮನೆ ಅಗಲ ಉಳಿಯುತ್ತದೆ. ಅಡ್ಡ ತುಂಡಿಗೆ ಎರಡು ಮನೆ ಅಗಲ ಬೇಕಲ್ವಾ, ಹಾಗಾಗಿ ಅದು ಪಕ್ಕದಲ್ಲಿ ನಿಲ್ಲೋಕೆ ಸಾಧ್ಯವೇ ಇಲ್ಲ, ಚೌಕವನ್ನು ದಾಟಿ ಮೇಲಕ್ಕೆ ಹೋಗಿರಲೇಬೇಕು. ಅಂದರೆ ಎರಡೆರಡು ಮನೆ ಅಗಲದ ಎರಡು ತುಂಡು ನಾಲ್ಕೇ ಮನೆ ಅಗಲದ ದಾರಿಯಲ್ಲಿ ಎದುರುಬದುರಾಗಿ ದಾಟಬೇಕು. ಚಿಕ್ಕಪೇಟೆಯ ಗಲ್ಲಿಯಲ್ಲಿ ಎರಡು ಗೂಡ್ಸ್ ಆಟೋ ಮುಖಾಮುಖಿ ಆದಾಗ, ಸುತ್ತ ಬೈಕ್, ತಳ್ಳುಗಾಡಿ, ಬಟ್ಟೆ ಮೂಟೆ ಹೊತ್ತವರು ಎಲ್ಲರೂ ಒಬ್ಬೊಬ್ಬರಾಗಿ ಹಿಂದೆ ಮುಂದೆ ಸರಿದು ಜಾಗ ಮಾಡಿಕೊಡಬೇಕಲ್ಲ, ಥೇಟ್ ಹಾಗೆ.

ಚೀನಾದಲ್ಲಿ ಈ ಆಟಕ್ಕೆ ಹ್ವಾರೊಂಗ್ ದಾರಿ ಅನ್ನುವ ಹೆಸರಿದೆ. ಯುದ್ಧದಲ್ಲಿ ಸೋತ ತ್ಸಾವ್ ತ್ಸಾವ್ ಓಡಿಹೋಗುವಾಗ ಗ್ವಾನ್ ಯೂ ಅನ್ನುವ ಸೇನಾನಿ ದಾರಿಗೆ ಅಡ್ಡ ನಿಂತು, ಹಳೆಯ ಋಣ ನೆನೆದು ಬಿಟ್ಟುಕೊಟ್ಟ ಅನ್ನೋದು ಅಲ್ಲಿನ ಕಥೆ. ದೊಡ್ಡ ಚೌಕ ತ್ಸಾವ್ ತ್ಸಾವ್, ಅಡ್ಡ ತುಂಡು ಗ್ವಾನ್ ಯೂ. ಹೆಸರಿಟ್ಟವರಿಗೆ ಗಂಟು ಎಲ್ಲಿದೆ ಅಂತ ಚೆನ್ನಾಗಿ ಗೊತ್ತಿತ್ತು ಅನ್ಸುತ್ತೆ! ಜಪಾನಿನಲ್ಲಿ ಇದೇ ಆಟಕ್ಕೆ 'ಪೆಟ್ಟಿಗೆಯೊಳಗಿನ ಮಗಳು' ಎಂಬ ಅರ್ಥದ ಹೆಸರು, ಫ್ರಾನ್ಸಿನಲ್ಲಿ 'ಕೆಂಪು ಕತ್ತೆ'.

ಈಗ ವಿಚಿತ್ರ ನೋಡಿ. ಕ್ಲೋಟ್ಸ್ಕಿಯಲ್ಲಿ ಶುರುವಿನಿಂದ ಹೊರಟು ತಲುಪಬಹುದಾದ ಜೋಡಣೆಗಳು 25,955 ಮಾತ್ರ, ಒಂದೇ ಆಕಾರದ ತುಂಡುಗಳನ್ನು ಒಂದೇ ಅಂತ ಎಣಿಸಿದರೆ. ಕಂಪ್ಯೂಟರಿಗೆ ಇದು ಕಣ್ಣು ಮಿಟುಕಿಸುವಷ್ಟರ ಕೆಲಸ. ಅದೇ 1ರಿಂದ 15ರವರೆಗೆ ಅಂಕಿ ಇರುವ, ಒಂದೇ ಮನೆ ಖಾಲಿ ಇರುವ ನಂಬರ್ ಪಜಲ್ ತಗೊಳ್ಳಿ. ಅದರಲ್ಲಿ ಹತ್ತು ಲಕ್ಷ ಕೋಟಿಗಿಂತ ಜಾಸ್ತಿ ಜೋಡಣೆಗಳಿವೆ. ಆದರೂ ಅದನ್ನು ಅರ್ಧ ಗಂಟೆ ಕೂರಿಸಿ ಹೇಳಿಕೊಟ್ಟರೆ ಹತ್ತು ವರ್ಷದ ಮಗು ಬಿಡಿಸುತ್ತದೆ. ಚೆಸ್ ಆಟಗಾರ ಬಾಬಿ ಫಿಶರ್ 1972ರಲ್ಲಿ ಟೀವಿ ಕಾರ್ಯಕ್ರಮವೊಂದರಲ್ಲಿ 25 ಸೆಕೆಂಡಿಗಿಂತ ಕಡಿಮೆ ಸಮಯದಲ್ಲಿ ಬಿಡಿಸಿ ತೋರಿಸಿದ್ದ.

ಹಾಗಾದರೆ ಜೋಡಣೆ ಎಷ್ಟಿವೆ ಅನ್ನೋದಕ್ಕೂ ಕಷ್ಟಕ್ಕೂ ಸಂಬಂಧ ಇಲ್ವಾ? ನನ್ನ ಪ್ರಕಾರ ಬಹಳ ಕಡಿಮೆ. ನಂಬರ್ ಪಜಲ್‌ನಲ್ಲಿ ಕೆಲಸವನ್ನು ತುಂಡು ಮಾಡಿಕೊಳ್ಳಬಹುದು. ಮೊದಲ ಸಾಲು ಮುಗಿಸಿದಿರೋ, ಮತ್ತೆ ಅದನ್ನು ಮುಟ್ಟಬೇಕಾಗಿಲ್ಲ. ಸಾಲಿನ ಕೊನೆಯ ಎರಡು ಅಂಕಿಗೆ ಮಾತ್ರ ಒಂದು ಸಣ್ಣ ಉಪಾಯ ಬೇಕು. 3ನ್ನು 4ರ ಮನೆಯಲ್ಲಿ ಇಡಿ, 4ನ್ನು ಅದರ ಕೆಳಗೆ ತನ್ನಿ, ಖಾಲಿ ಮನೆಯನ್ನು 3ರ ಜಾಗಕ್ಕೆ ತನ್ನಿ, ಆಮೇಲೆ 3 ಎಡಕ್ಕೆ, 4 ಮೇಲಕ್ಕೆ. ಮುಗೀತು. ಕ್ಲೋಟ್ಸ್ಕಿಯಲ್ಲಿ ಈ ಭಾಗ್ಯ ಇಲ್ಲ. ಅಲ್ಲಿ ಯಾವುದನ್ನೂ 'ಇದು ಆಯ್ತು' ಅಂತ ಪಕ್ಕಕ್ಕಿಡೋಕೆ ಆಗಲ್ಲ. ಒಂದು ಮೂಲೆಯಲ್ಲಿ ಏನು ಮಾಡಿದರೂ ಇನ್ನೊಂದು ಮೂಲೆ ಕೆಡುತ್ತದೆ. ಹತ್ತಿರ ಬಂದಂತೆ ಕಂಡದ್ದು ಹತ್ತಿರ ಆಗಿರೋದಿಲ್ಲ, ದೂರ ಹೋದಂತೆ ಕಂಡದ್ದೇ ಸರಿಯಾದ ದಾರಿ ಆಗಿರುತ್ತದೆ, ಮತ್ತು ನಮ್ಮ ಕೈಗೆ ಗುರಿಯಿಂದ ದೂರ ಸರಿಸೋದು ಅಂದ್ರೆ ಒಂಥರಾ ಸಂಕಟ.

ನಮ್ಮ ಅಪಾರ್ಟ್‌ಮೆಂಟಿನ ಸೆಲ್ಲಾರ್‌ನಲ್ಲಿ ಎಂಟು ಕಾರು ನಿಲ್ಲುವ ಜಾಗಕ್ಕೆ ಹನ್ನೊಂದು ಕಾರಿವೆ. ಬೆಳಗ್ಗೆ ಒಳಗಿನ ಕಾರು ತೆಗೀಬೇಕು ಅಂದ್ರೆ ಸೆಕ್ಯೂರಿಟಿಯವರು ಬೀಗದ ಕೈ ಗೊಂಚಲು ಹಿಡಿದು ಬರುತ್ತಾರೆ. ಒಂದು ದಿನ ನಾನು ಬುದ್ಧಿವಂತನ ಹಾಗೆ 'ಮೊದಲು ಆ ಬಿಳಿ ಕಾರು ತೆಗೀರಿ' ಅಂದೆ. ಅವರು, 'ಕಾರು ಆಮೇಲೆ ಸಾರ್, ಮೊದ್ಲು ಖಾಲಿ ಜಾಗ ಎಲ್ಲಿದೆ ನೋಡಿ' ಅಂದರು. ಈ ಆಟಗಳ ಬಗ್ಗೆ ಇದಕ್ಕಿಂತ ಒಳ್ಳೆ ಪಾಠ ನನಗೆ ಯಾರೂ ಹೇಳಿಲ್ಲ.

ಸೆಲ್ಲಾರ್ ಅಂದಮೇಲೆ ರಷ್ ಅವರ್ ಆಟದ ಬಗ್ಗೆಯೂ ಹೇಳಬೇಕು. ಜಪಾನಿನ ನೊಬ್ ಯೊಶಿಗಹಾರ 1970ರ ದಶಕದಲ್ಲಿ ಕಟ್ಟಿದ್ದು, ಅಮೆರಿಕದ ಅಂಗಡಿಗಳಿಗೆ ಬಂದದ್ದು 1996ರಲ್ಲಿ. ಆರಕ್ಕೆ ಆರು ಮನೆ, ಕಾರು, ಲಾರಿಗಳ ನಡುವೆ ಸಿಕ್ಕಿಕೊಂಡ ಕೆಂಪು ಕಾರನ್ನು ಆಚೆ ತರಬೇಕು. ನಮ್ಮ ಊರಿನವರಿಗೆ ವಿವರಿಸೋದೇ ಬೇಡ. ಇದರ ಹಲಗೆಯನ್ನು ಬೇಕಾದಷ್ಟು ದೊಡ್ಡದು ಮಾಡುತ್ತಾ ಹೋದರೆ, ಪ್ರತಿ ಸಲವೂ ಬೇಗ ಬಿಡಿಸುವ ಸೂತ್ರ ಸಿಗುವ ಭರವಸೆ ತೀರಾ ಕಡಿಮೆ ಅಂತ ಕಂಪ್ಯೂಟರ್ ವಿಜ್ಞಾನಿಗಳು 2002ರಲ್ಲಿ ತೋರಿಸಿದರು. ಬರೀ ಆಯತದ ತುಂಡುಗಳು, ಆದರೆ ಒಳಗೆ ಅಷ್ಟು ಆಳ.

ಇನ್ನೊಂದು ಮಾತು. ಕೆಲವು ಸಲ ತೊಂದರೆ ನಿಜವಾಗಿಯೂ ಆಟಿಕೆಯಲ್ಲೇ ಇರುತ್ತದೆ. ಬಸವನಗುಡಿ ಕಡಲೆಕಾಯಿ ಪರಿಷೆಯಲ್ಲಿ ಅಕ್ಕನ ಮಗನಿಗೆ ಒಂದು ಪ್ಲಾಸ್ಟಿಕ್ ನಂಬರ್ ಪಜಲ್ ಕೊಡಿಸಿದ್ದೆ. ಮನೆಗೆ ಬರುವಷ್ಟರಲ್ಲಿ ಎರಡು ಬಿಲ್ಲೆ ಕಿತ್ತು ಬಂದಿದ್ದವು, ಅವನು ಒತ್ತಿ ಕೂರಿಸಿದ. ಆಮೇಲೆ ನಾಲ್ಕು ದಿನ ನಾನು ಕಡಲೆಕಾಯಿ ಸುಲಿಯುತ್ತಾ ಗುದ್ದಾಡಿದೆ, ಪ್ರತಿ ಸಲವೂ ಕೊನೆಗೆ 14, 15 ಅದಲುಬದಲು. 'ಮಾಮ, ನಿಂಗೆ ಬರಲ್ಲ ಬಿಡು' ಅಂದ.

ನನಗಲ್ಲ, ಯಾರಿಗೂ ಬರೋದಿಲ್ಲ. ಹದಿನಾರು ಮನೆಗೂ ಚೆಸ್ ಬೋರ್ಡಿನಂತೆ ಕಪ್ಪು ಬಿಳುಪು ಬಣ್ಣ ಹಚ್ಚಿದ್ದೀರಿ ಅಂದುಕೊಳ್ಳಿ. ಪ್ರತಿ ನಡೆಗೂ ಖಾಲಿ ಮನೆ ಕಪ್ಪಿನಿಂದ ಬಿಳುಪಿಗೆ, ಬಿಳುಪಿನಿಂದ ಕಪ್ಪಿಗೆ ಹೋಗುತ್ತದೆ. ಅದು ಮತ್ತೆ ತನ್ನ ಮೂಲೆಗೇ ಬರಬೇಕಾದರೆ ನಡೆಗಳ ಸಂಖ್ಯೆ ಸಮ ಆಗಿರಲೇಬೇಕು. ಪ್ರತಿ ನಡೆ ಅಂದ್ರೆ ಖಾಲಿ ಮನೆಗೂ ಒಂದು ಬಿಲ್ಲೆಗೂ ಒಂದು ಅದಲುಬದಲು. 14, 15ನ್ನು ಮಾತ್ರ ಬದಲಿಸೋದು ಒಂದೇ ಅದಲುಬದಲು, ಅಂದರೆ ಬೆಸ. ಬೆಸದಿಂದ ಆಗುವ ಜೋಡಣೆಯನ್ನು ಸಮದಿಂದ ಮುಟ್ಟೋಕೆ ಆಗಲ್ಲ, ಎಷ್ಟು ಜನ್ಮ ಎತ್ತಿದರೂ. ಬಿಲ್ಲೆಗಳನ್ನು ಕಿತ್ತು ಕಣ್ಣು ಮುಚ್ಚಿ ಕೂರಿಸಿದರೆ ಅರ್ಧದಷ್ಟು ಸಲ ಹೀಗೇ ಆಗುತ್ತದೆ.

ಈ ಆಟ ಅಮೆರಿಕದ ನ್ಯೂಯಾರ್ಕ್ ರಾಜ್ಯದ ನೋಯ್ಸ್ ಚಾಪ್ಮನ್ ಎಂಬ ಪೋಸ್ಟ್ ಮಾಸ್ಟರ್ ಮಾಡಿದ್ದು. 1880ರಲ್ಲಿ ಅಲ್ಲೂ ಯುರೋಪಿನಲ್ಲೂ ಜನ ಇದರ ಹುಚ್ಚಿಗೆ ಬಿದ್ದರು. ವರ್ಷಗಳ ಮೇಲೆ ಸ್ಯಾಮ್ ಲಾಯ್ಡ್ ಎಂಬಾತ ಅದು ತನ್ನದು ಅಂತ ಹೇಳಿಕೊಂಡು, 14-15 ಸರಿ ಮಾಡಿದವರಿಗೆ 1,000 ಡಾಲರ್ ಬಹುಮಾನ ಅಂದ. ಆಗಲ್ಲ ಅನ್ನೋದಕ್ಕೆ ಪುರಾವೆ 1879ರಲ್ಲೇ ಗಣಿತದ ಪತ್ರಿಕೆಯಲ್ಲಿ ಅಚ್ಚಾಗಿತ್ತು! ದುಡ್ಡು ಭದ್ರ.

ನಿಮ್ಮ ಕ್ಲೋಟ್ಸ್ಕಿಗೆ ಈ ಕಾಟ ಇಲ್ಲ, ದಾರಿ ಖಂಡಿತ ಇದೆ. ಬಿಡೋಕೆ ಆಗದಿರುವುದಕ್ಕೂ ಅದೇ ಕಾರಣ ಇರಬೇಕು. ಎಲ್ಲಾ ಕಣ್ಣೆದುರೇ ಇದೆ, ದಾಳ ಇಲ್ಲ, ಅದೃಷ್ಟ ಇಲ್ಲ, ಬೈಯೋಕೆ ಎದುರಾಳಿಯೂ ಇಲ್ಲ. ಚೌಕಾಬಾರದಲ್ಲಿ ಸೋತರೆ ಕವಡೆಯನ್ನು ಬೈಬಹುದು, ಇಲ್ಲಿ ಯಾರನ್ನು ಬೈತೀರಿ? ತಪ್ಪು ನಡೆಗೆ ದಂಡವೂ ಇಲ್ಲ, ವಾಪಸ್ ಸರಿಸಿದರೆ ಆಯ್ತು. ಹಾಗಾಗಿ ಸೋಲು ಅನ್ನೋದು ಯಾವಾಗಲೂ ಪೂರ್ತಿ ಆಗೋದೇ ಇಲ್ಲ.

ಸೆಕ್ಯೂರಿಟಿಯವರ ಮಾತಿನಂತೆ ಆಡಿ ನೋಡಿ. ದೊಡ್ಡ ಚೌಕವನ್ನು ಸ್ವಲ್ಪ ಹೊತ್ತು ಮರೆತುಬಿಡಿ. ಎರಡು ಖಾಲಿ ಮನೆ ಆದಷ್ಟು ಅಕ್ಕಪಕ್ಕ ಇರಲಿ, ಪುಟಾಣಿ ಚೌಕಗಳನ್ನು ಜೋಡಿ ಜೋಡಿಯಾಗಿ ಓಡಾಡಿಸಿ, ಅಡ್ಡ ತುಂಡು ಯಾವಾಗ ದಾಟುತ್ತೆ ಅಂತ ಮಾತ್ರ ಕಾಯಿರಿ. ಅದು ಮೇಲೆ ಹೋದಮೇಲೆ ಉಸಿರಾಟ ಸಲೀಸಾಗುತ್ತದೆ. ಆದರೆ ಆ ಗಳಿಗೆಯಲ್ಲಿ ಯಾವ ಸ್ಟೇಷನ್ ಬಂತು ಅಂತ ತಲೆ ಎತ್ತಿ ನೋಡಿ. ನಾನು ಜಯನಗರದಲ್ಲಿ ಇಳಿಯಬೇಕಾದವನು, ಬನಶಂಕರಿಯಲ್ಲಿ ಇಳಿದಿದ್ದೆ.